ಮೂಡಿಗೆರೆಯ ಚಳಿಜ್ವರ, ಆಫ್ರಿಕಾದ ಸೊಳ್ಳೆಪರದೆ

ಈ ಸಲ ಕಾಫಿ ಮಾರಿದ ದುಡ್ಡಲ್ಲಿ ಒಂದಿಷ್ಟನ್ನು ಆಫ್ರಿಕಾದ ಮಕ್ಕಳ ಸೊಳ್ಳೆಪರದೆಗೆ ಕಳಿಸಿದೆ. ಮನೆಯಲ್ಲಿ ಹೇಳಿದ್ದೇ ತಡ, ದೊಡ್ಡಪ್ಪ "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂದರು. "ನಮ್ಮೂರ ಶಾಲೆ ಸೋರ್ತಾ ಇದೆ. ನೀನು ನೋಡದೇ ಇರೋ ದೇಶಕ್ಕೆ ದುಡ್ಡು ಕಳಿಸ್ತೀಯಲ್ಲಮ್ಮ" ಅಂತ ಬೇಜಾರು ಮಾಡಿಕೊಂಡರು. ಅವರು ಹೇಳಿದ್ದು ಸುಳ್ಳಲ್ಲ. ಆದರೂ ನಾನು ಯಾಕೆ ಕಳಿಸಿದೆ ಅಂತ ಹೇಳಬೇಕು.

ನಮ್ಮ ಅಜ್ಜಿಯ ಕಾಲದಲ್ಲಿ ಬಯಲುಸೀಮೆಯವರು ಮೂಡಿಗೆರೆ ಕಡೆಗೆ ಹೆಣ್ಣು ಕೊಡಲು ಹೆದರುತ್ತಿದ್ದರಂತೆ. ಚಳಿಜ್ವರದ, ಅಂದರೆ ಮಲೇರಿಯಾದ, ಭಯ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ನಡುಕ ನಿಲ್ಲುತ್ತಿರಲಿಲ್ಲ. ಮಕ್ಕಳ ಹೊಟ್ಟೆ ಮುಟ್ಟಿದರೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಕೈಗೆ ಸಿಗುತ್ತಿತ್ತು. ಅಜ್ಜಿಯ ಇಬ್ಬರು ತಮ್ಮಂದಿರು ಅದರಲ್ಲೇ ಹೋದರು.

ಆ ಜ್ವರ ಸುಮ್ನೆ ತಾನಾಗಿ ಹೋಗಲಿಲ್ಲ. 1930ರ ಆಸುಪಾಸಿನಲ್ಲಿ ಮೈಸೂರು ಸರ್ಕಾರದ ಜೊತೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಅನ್ನೋ ದಾನಸಂಸ್ಥೆ ಕೈಜೋಡಿಸಿತು. ಮೂಡಿಗೆರೆಯಲ್ಲೇ ಮಲೇರಿಯಾ ಸಮೀಕ್ಷೆ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ದೇಶವೇ ಮಲೇರಿಯಾ ನಿಯಂತ್ರಣಕ್ಕೆ ಇಳಿಯಿತು. ಅದಕ್ಕೂ ಅಮೆರಿಕದ ನೆರವಿತ್ತು. ಗೋಡೆಗೋಡೆಗೆ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆದವರು ನಮ್ಮವರೇ, ಅದನ್ನು ಮರೆಯಬಾರದು. ದುಡ್ಡು ಕೊಟ್ಟವರಿಗೆ ಅವರದೇ ಲೆಕ್ಕಾಚಾರವೂ ಇದ್ದಿರಬಹುದು. ಆದರೆ ಬದುಕಿದ್ದು ನಮ್ಮ ಮಕ್ಕಳು, ಅಲ್ವಾ?

ಇವತ್ತು ಅದೇ ಮಲೇರಿಯಾಕ್ಕೆ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಿದ್ದಾರೆ. ನೂರಕ್ಕೆ 95ರಷ್ಟು ಸಾವು ಆಫ್ರಿಕಾದಲ್ಲಿ. ಜಾಸ್ತಿ ಐದು ವರ್ಷ ತುಂಬದ ಮಕ್ಕಳೇ. ಔಷಧ ಲೇಪಿಸಿದ ಒಂದು ಪರದೆಗೆ ಇನ್ನೂರು ರೂಪಾಯಿ ಆಸುಪಾಸು. ಅದರೊಳಗೆ ಇಬ್ಬರು ಮಕ್ಕಳು ಎರಡು ಮೂರು ವರ್ಷ ಮಲಗಬಹುದು.

ಹಾಗಂತ ಇದು ಹಳೇ ಸಾಲ ತೀರಿಸುವ ಮಾತಲ್ಲ. ನಮಗೆ ಯಾರೂ ಏನೂ ಕೊಡದೇ ಇದ್ದಿದ್ದರೂ ಆಫ್ರಿಕಾದ ಆ ಮಗುವಿನ ಮೈ ಅಷ್ಟೇ ಸುಡುತ್ತಿತ್ತು. ನಮ್ಮ ಶಾಲೆಯ ಹೆಂಚಿಗೆ ಕೇಳುವವರು ಇದ್ದಾರೆ. ಪಂಚಾಯ್ತಿಗೆ ಹೋಗಿ ಕೂರಬಹುದು, ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಬಹುದು. ನಾನೂ ಕೊಡುತ್ತೇನೆ, ಕೊಟ್ಟಿದ್ದೇನೆ. ಆ ಮಗುವಿನ ಪರವಾಗಿ ನಮ್ಮೂರಲ್ಲಿ ಬಾಗಿಲು ಬಡಿಯುವವರು ಯಾರೂ ಇಲ್ಲ.

2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಕೀನ್ಯಾದವರು ನಮ್ಮ ದೇಶಕ್ಕೆ 12 ಟನ್ ಚಹಾ, ಕಾಫಿ, ಕಡಲೆಬೀಜ ಕಳಿಸಿದರು. ತಮ್ಮಲ್ಲೇ ಮಲೇರಿಯಾ ಇರುವ ದೇಶ ಅದು. ಇಲ್ಲಿ ಕೆಲವರು ನಕ್ಕರು, ಭಾರತಕ್ಕೆ ಇಂಥ ಗತಿ ಬಂತಾ ಅಂದರು. ನನಗೆ ಹೊಟ್ಟೆ ಉರಿಯಿತು. ಒಂದು ಮೂಟೆ ಕಾಫಿ ಕೊಯ್ದು, ಒಣಗಿಸಿ, ಮನೆ ಸೇರಿಸುವಷ್ಟರಲ್ಲಿ ಎಷ್ಟು ಜನರ ಬೆನ್ನು ಬಗ್ಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಅವರು ನಮ್ಮ ಮುಖ ನೋಡದೆ ಕೊಟ್ಟರು.

ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ಟರೆ ದಾನದ ಮೇಲಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು.

ನಿನ್ನೆ ಸಂಜೆ ದೊಡ್ಡಪ್ಪನ ಪಕ್ಕ ಕೂತು, ಅಜ್ಜಿಯ ಆ ತಮ್ಮಂದಿರ ಹೆಸರೇನು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಒಬ್ಬ ರಂಗಪ್ಪ ಅಂದರು. ಇನ್ನೊಬ್ಬನ ಹೆಸರು ಅವರಿಗೂ ಗೊತ್ತಿಲ್ಲ. ಅಜ್ಜಿ ಯಾವಾಗಲೂ ಅವನನ್ನು "ಪುಟ್ಟ" ಅಂತಷ್ಟೇ ಹೇಳುತ್ತಿದ್ದರಂತೆ.