ಎರಡರ ಮಹಿಮೆ, ನಾಲ್ಕರ ಸಂಸಾರ

ಇರುವ ಮನೆಗೆ ಮಹಡಿ ಏರಿಸುವುದೋ, ಕೆಡವಿ ಹೊಸದನ್ನೇ ಕಟ್ಟುವುದೋ ಎಂಬ ಚಿಂತೆ ಸಂಸಾರಸ್ಥರನ್ನು ಕಾಡುವಂತೆಯೇ, ಇರುವ ಆಟವನ್ನು ಬೆಳೆಸುವುದೋ, ಎರಡನೆಯ ಭಾಗವನ್ನು ಹೊರತರುವುದೋ ಎಂಬ ಚಿಂತೆ ವಿಡಿಯೋ ಗೇಮ್ ಕಂಪನಿಗಳನ್ನು ಕಾಡುತ್ತದೆಂದು ನಾನು ಬಹುಕಾಲ ನಂಬಿದ್ದೆ. ಈಚೆಗೆ ಆ ಭ್ರಮೆ ಹರಿದಿದೆ. ಈ ಬೀದಿಯಲ್ಲಿ ಮಹಡಿಗೂ ಹೊಸ ಮನೆಗೂ ಹಣ ಕೊಡುವವನು ಬಾಡಿಗೆದಾರನೇ ಆದ್ದರಿಂದ ಮಾಲೀಕನು ನಿಶ್ಚಿಂತೆಯಿಂದ ನಿದ್ರಿಸುತ್ತಾನೆ.

ಎರಡನೆಯ ಭಾಗದ ಶಾಸ್ತ್ರವನ್ನು ಕಲಿಯಬಯಸುವವರು ಬ್ಲಿಝಾರ್ಡ್ ಕಂಪನಿಯ ಶಿಷ್ಯತ್ವ ಸ್ವೀಕರಿಸಬೇಕು. 2016ರಲ್ಲಿ ಬಂದ ಅದರ ‘ಓವರ್‌ವಾಚ್’ ಆಟವನ್ನು ಜನ ಹಣ ಕೊಟ್ಟು ಕೊಂಡು, ಆರಾರು ಮಂದಿಯ ತಂಡ ಕಟ್ಟಿಕೊಂಡು ಹೊಡೆದಾಡುತ್ತಿದ್ದರು. 2019ರ ನವೆಂಬರಿನಲ್ಲಿ ‘ಓವರ್‌ವಾಚ್ 2’ರ ಘೋಷಣೆಯಾಯಿತು. ಆಟಗಾರರು ಪರಸ್ಪರರನ್ನು ಕೊಲ್ಲುವುದನ್ನು ಬಿಟ್ಟು ಒಂದಾಗಿ ಶತ್ರುಗಳನ್ನು ಎದುರಿಸುವ ಕಥಾಭಾಗವಿರುತ್ತದೆ, ಅದರಲ್ಲಿ ಪಾತ್ರಗಳ ಶಕ್ತಿಯನ್ನು ಹಂತಹಂತವಾಗಿ ಬೆಳೆಸಿಕೊಳ್ಳಬಹುದು ಎಂಬ ಭರವಸೆಯೇ ಆ ಹೊಸ ಅಂಕಿಗೆ ಆಧಾರವಾಗಿತ್ತು. 2022ರ ಅಕ್ಟೋಬರಿನಲ್ಲಿ ಅಂಕಿ ಬಂತು, ಕಥಾಭಾಗ ಬರಲಿಲ್ಲ. ಮೊದಲನೆಯದರ ಸರ್ವರ್‌ಗಳನ್ನು ಮುಚ್ಚಿದ್ದರಿಂದ, ದುಡ್ಡು ಕೊಟ್ಟವರಿಗೆ ಮರಳಿ ಹೋಗಲು ಹಳೆಯ ಮನೆಯೂ ಉಳಿಯಲಿಲ್ಲ. ಆರು ಮಂದಿಯ ತಂಡ ಐದಕ್ಕಿಳಿಯಿತು. ಒಂದು ಎರಡಾದಾಗ ಆರು ಐದಾಗುವ ಈ ಗಣಿತ ನಮ್ಮ ಮೇಷ್ಟ್ರಿಗೆ ತಿಳಿದಿರಲಿಲ್ಲ. ಪ್ರವೇಶವೇನೋ ಉಚಿತ, ವೇಷಭೂಷಣಕ್ಕೆ ಮಾತ್ರ ಹಣ. ಆಡುವವರು ಫೋನ್ ನಂಬರು ಕೊಡಬೇಕು, ಅದು ಪ್ರೀಪೇಯ್ಡ್ ಆಗಿರಕೂಡದು ಎಂಬ ಷರತ್ತೂ ಇತ್ತು. ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿಕೊಂಡು ಬದುಕುವ ನಮ್ಮಂಥವರು ಹೀಗೆ ಒಂದೇ ಏಟಿಗೆ ಶಂಕಿತರಾದೆವು. ಗದ್ದಲವೆದ್ದ ಮೇಲೆ ಬಹುಪಾಲು ಹಳೆಯ ಆಟಗಾರರ ಮಟ್ಟಿಗೆ ಷರತ್ತನ್ನು ಸಡಿಲಿಸಲಾಯಿತು. ಕೊನೆಗೆ 2023ರ ಮೇ ತಿಂಗಳಲ್ಲಿ, ಪಾತ್ರಗಳನ್ನು ಬೆಳೆಸುವ ಆ ಭಾಗವನ್ನೇ ಕೈಬಿಟ್ಟಿರುವುದಾಗಿ ಕಂಪನಿ ತಿಳಿಸಿತು. ಹಳೆಯ ಛತ್ರವನ್ನು ಕೆಡವಿ ಹೊಸ ಮಂಟಪ ಹಾಕಿ, ನೆಂಟರೆಲ್ಲ ಬಂದು ಕುಳಿತ ಮೇಲೆ, ಮದುವೆಯ ಗಂಡು ಬರುವುದಿಲ್ಲವೆಂದು ಸಾರಿದಂತಾಯಿತು.

ಇದಕ್ಕೆ ವಿರುದ್ಧವಾಗಿ, ಮೊದಲ ದಿನ ಕೊಡದೆ ಹೋದದ್ದನ್ನೆಲ್ಲ ಮುಂದೆ ಬಿಟ್ಟಿಯಾಗಿ ಸೇರಿಸುತ್ತ ಬಂದ ‘ನೋ ಮ್ಯಾನ್ಸ್ ಸ್ಕೈ’ ತಯಾರಕರಂಥ ಬೇಜವಾಬ್ದಾರಿ ಜನರೂ ಇದ್ದಾರೆ. ಇಂಥವರಿಂದಲೇ ಉದ್ಯಮದ ಮರ್ಯಾದೆ ಹೋಗುವುದು.

ವಿಸ್ತರಣೆಯ ಶಾಸ್ತ್ರಕ್ಕೆ ಗುರು ಬೇರೆ. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ‘ದಿ ಸಿಮ್ಸ್ 4’ ಮನೆ ಕಟ್ಟಿ ಸಂಸಾರ ನಡೆಸುವ ಆಟ. ಅದು 2014ರ ಸೆಪ್ಟೆಂಬರಿನಲ್ಲಿ ಬಂದಾಗ ಹಿಂದಿನ ಭಾಗಗಳಲ್ಲಿದ್ದ ಈಜುಕೊಳ ಅದರಲ್ಲಿರಲಿಲ್ಲ. ಅಂಬೆಗಾಲಿಡುವ ಕೂಸುಗಳೂ ಇರಲಿಲ್ಲ. ತೊಟ್ಟಿಲಿಗೆ ಅಂಟಿಕೊಂಡೇ ಹುಟ್ಟಿದ ಶಿಶು, ತೊದಲದೆ, ತಪ್ಪುಹೆಜ್ಜೆ ಇಡದೆ, ಒಂದು ಶುಭದಿನ ಶಾಲೆಗೆ ಹೋಗುವ ಮಗುವಾಗಿ ನೆಲಕ್ಕೆ ಇಳಿಯುತ್ತಿತ್ತು. ಈಜುಕೊಳ ಎರಡು ತಿಂಗಳಿಗೆ ಬಂತು, ಕೂಸುಗಳು 2017ರ ಜನವರಿಗೆ ಬಂದವು. ಇವೆರಡಕ್ಕೂ ಹಣ ಕೇಳಲಿಲ್ಲವೆಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು. ಆದರೆ ನಾಯಿ-ಬೆಕ್ಕುಗಳಿಗೆ ಬೇರೆ ಹಣ, ಮಳೆಗಾಲ-ಚಳಿಗಾಲಗಳಿಗೆ ಬೇರೆ ಹಣ. ಬರಗಾಲದಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ನಮ್ಮ ಹಳ್ಳಿಗರಿಗೆ, ಕಾರ್ಡ್ ಉಜ್ಜಿದರೆ ಸಾಕು ಎಂಬ ವಿಷಯವನ್ನು ಯಾರೂ ತಿಳಿಸಿಲ್ಲ. 2022ರಲ್ಲಿ ಮೂಲ ಆಟವೇ ಉಚಿತವಾಗಿ, ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ವ್ಯಾಪಾರದ ಸೂತ್ರವಾಗಿ ಸ್ಥಿರಪಟ್ಟಿತು. ನಾಲ್ಕನ್ನು ಮೂಲೆಗೆ ತಳ್ಳುವ ಐದನೆಯದನ್ನು ತರುವ ಇರಾದೆ ಇಲ್ಲವೆಂದು 2024ರಲ್ಲಿ ಸಂಸ್ಥೆ ತಿಳಿಸಿದ್ದರಲ್ಲಿ ಆಶ್ಚರ್ಯವೇನಿದೆ? ಕಾಮಧೇನುವನ್ನು ಕಟ್ಟಿಕೊಂಡವನು ಕರು ಹಾಕಲೆಂದು ಕಾಯುವುದಿಲ್ಲ.

ಈ ಸಂಪ್ರದಾಯದ ಶಿಖರವನ್ನು ನಾನು ಕಂಡದ್ದು ಇದೇ ಆಟಕ್ಕೆ ಸೇರಿಸಿಕೊಳ್ಳಲೆಂದು ಮಾರಿದ, 2018ರ ‘ಮೈ ಫಸ್ಟ್ ಪೆಟ್’ ಎಂಬ ಪುಟ್ಟ ಕಂತಿನಲ್ಲಿ. ಅದರಲ್ಲಿ ಪಂಜರದ ಪುಟ್ಟ ಇಲಿಗಳ ಜೊತೆಗೆ ನಾಯಿ-ಬೆಕ್ಕುಗಳಿಗೆ ತೊಡಿಸುವ ಚೆಂದದ ಅಂಗಿಗಳಿದ್ದವು. ಹಿಂದಿನ ವರ್ಷದ ನಾಯಿ-ಬೆಕ್ಕುಗಳ ಕಂತನ್ನು ಬೇರೆಯಾಗಿ ಕೊಳ್ಳದವರ ಮನೆಯಲ್ಲಿ ಆ ಅಂಗಿ ತೊಡಲು ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ, ಇಲಿಯೊಂದು ಮಾತ್ರ ಚಕ್ರದೊಳಗೆ ಓಡುತ್ತಿತ್ತು.