ತುಂಡಿನ ಮೇಲೆ ಹಚ್ಚಿ ನೋಡಿದ್ರಾ?

ಪೈನ್ ಹಲಗೆಗಳನ್ನು ಜೋಡಿಸಿ ಅಡುಗೆಮನೆಗೆ ನಾನೇ ಒಂದು ಕಟ್ಟೆ ಮಾಡಿದ್ದೆ. ಅಂಟು, ಕ್ಲ್ಯಾಂಪ್, ಸ್ಯಾಂಡ್‌ಪೇಪರ್ ಎಲ್ಲ ಮುಗಿದಿತ್ತು. ಮರಕ್ಕೆ ಹಚ್ಚುವ ಬಣ್ಣ, ಕಡು ಕಂದು ಸ್ಟೇನ್ ತಂದು, ಬಟ್ಟೆ ಅದ್ದಿ, ಈ ತುದಿಯಿಂದ ಆ ತುದಿಗೆ ಬಳಿದೇಬಿಟ್ಟೆ. ಹತ್ತೇ ನಿಮಿಷಕ್ಕೆ ಕಟ್ಟೆ ತುಂಬಾ ಮಚ್ಚೆ. ಒಂದು ಕಡೆ ಕಪ್ಪು, ಪಕ್ಕದಲ್ಲೇ ಪೇಲವ, ಅಡ್ಡ ಕೊಯ್ದ ಅಂಚಂತೂ ಸುಟ್ಟ ಹಾಗೆ. ಪಕ್ಕದ ಮನೆಯ ಹಿರಿಯರು ಬಂದು ನೋಡಿದರು. "ಮೊದಲು ತುಂಡಿನ ಮೇಲೆ ಹಚ್ಚಿ ನೋಡಿದ್ರಾ?" ಅಂದರು, ಅಷ್ಟೇ.

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಅದೇ ಹಲಗೆಯಿಂದ ಕತ್ತರಿಸಿದ ತುಂಡು ನನ್ನ ಕಾಲ ಕೆಳಗೇ ಬಿದ್ದಿತ್ತು.

ನಾವು ಹಾಗೆ ನೋಡಿ ಬೆಳೆದವರಲ್ಲ ಅಲ್ವಾ? "ಆಚಾರ್ರೇ, ಚೆನ್ನಾಗಿ ಪಾಲಿಶ್ ಹೊಡೀರಿ" ಅಂದರೆ ನಮ್ಮ ಕೆಲಸ ಮುಗೀತು. ಯಾವ ಪಾಲಿಶ್, ಎಷ್ಟು ಕೋಟ್, ಎಷ್ಟು ದಿನ ಒಣಗಬೇಕು ಅಂತ ಕೇಳಿದವರೇ ಇಲ್ಲ. ಮುಖ ಕಾಣುವಷ್ಟು ಹೊಳೆದರೆ ಆಯ್ತು. ಎಲ್ಲ ಮುಗಿದ ಮೇಲೆ ಮಾತ್ರ "ಇನ್ನೂ ಸ್ವಲ್ಪ ಡಾರ್ಕ್ ಇರಬೇಕಿತ್ತು".

ಆ ಹಿರಿಯರು ಮರುದಿನ ಒಂದು ಡಬ್ಬಿ ತಂದರು. ಒಳಗೆಲ್ಲ ಅಂಗೈಯಗಲದ ತುಂಡುಗಳು. ಪ್ರತಿಯೊಂದರ ಹಿಂದೆ ಪೆನ್ಸಿಲ್ ಬರಹ: ಯಾವ ಮರ, ಯಾವ ನಂಬರ್ ಪೇಪರ್, ಯಾವ ಸ್ಟೇನ್, ಎಷ್ಟು ಕೋಟ್. ಮುಂದೆ ಟೇಪ್ ಅಂಟಿಸಿ ಎರಡು ಭಾಗ, ಒಂದರಲ್ಲಿ ಬರೀ ಸ್ಟೇನ್, ಇನ್ನೊಂದರಲ್ಲಿ ಅದರ ಮೇಲೆ ಫಿನಿಶ್. ಒಂದೇ ಬಣ್ಣ ಎಂದು ನಂಬುವುದೇ ಕಷ್ಟ. ಸ್ಟೇನ್ ಕೊಡುವುದು ಬಣ್ಣ ಮಾತ್ರ, ನೀರು ತಡೆಯುವುದು ಫಿನಿಶ್. ಫಿನಿಶ್‌ಗೆ ಆಯಿಲ್ ಬೇಸ್ ಪಾಲಿಯುರೆಥೇನ್ (ಮೇಲೆ ಗಟ್ಟಿ ಪದರ ಕಟ್ಟುವ ವಾರ್ನಿಶ್) ಹಾಕಿದರೆ ಹಳದಿ ಛಾಯೆ ಬರುತ್ತದೆ, ವಾಟರ್ ಬೇಸ್ ಆದರೆ ಹೆಚ್ಚುಕಮ್ಮಿ ಇದ್ದ ಬಣ್ಣವೇ ಇರುತ್ತದೆ. ಪೈನ್ ಒಂದು ಕಡೆ ಜಾಸ್ತಿ ಹೀರುತ್ತದೆ, ಒಂದು ಕಡೆ ಕಮ್ಮಿ. ಅದಕ್ಕೆ ಮೊದಲು, ಒಂದೇ ಸಮ ಹೀರುವಂತೆ ಮಾಡುವ ಕಂಡೀಷನರ್ ಹಚ್ಚಬೇಕು, ಇಲ್ಲವೇ ಮೇಲೆಯೇ ಕೂರುವ ಜೆಲ್ ಸ್ಟೇನ್ ಹಿಡಿಯಬೇಕು. ಸ್ಯಾಂಡ್‌ಪೇಪರ್ ನಂಬರ್ ಹೆಚ್ಚಿದಷ್ಟೂ ನುಣುಪು, 150 ಅಥವಾ 180ಕ್ಕೆ ನಿಲ್ಲಿಸಬೇಕು. ತೀರಾ ನುಣುಪಾದರೆ ಮರ ಬಣ್ಣ ಕುಡಿಯಲ್ಲ. ಅಡ್ಡ ಕೊಯ್ದ ಅಂಚಿಗೆ ಮಾತ್ರ ಇನ್ನೂ ನುಣುಪು ಪೇಪರ್, ಅದು ಕುಡಿಯುವುದು ಕಮ್ಮಿಯಾಗಲಿ ಅಂತಲೇ.

ಫಿನಿಶ್ ವಿಷಯದಲ್ಲಿ ನಮ್ಮವರ ಹೊಳಪಿನ ಆಸೆ ನನಗೀಗ ತಲೆನೋವು. ಪಾಲಿಯುರೆಥೇನ್ ಗಟ್ಟಿ, ನಿಜ. ಆದರೆ ಚಾಕು ಗೀರಿ ಪದರ ಹರಿದರೆ ನೀರು ಒಳಗೆ ಇಳಿಯುತ್ತದೆ. ಅಷ್ಟು ಜಾಗಕ್ಕೆ ತೇಪೆ ಹಾಕಿದರೆ ಎದ್ದು ಕಾಣುತ್ತದೆ, ಕೊನೆಗೆ ಪೂರ್ತಿ ಉಜ್ಜಬೇಕು. ಟಂಗ್ ಮರದ ಬೀಜದಿಂದ ತೆಗೆದ ಟಂಗ್ ಎಣ್ಣೆ ನಿಧಾನಕ್ಕೆ ಒಣಗುತ್ತದೆ, ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಆದರೆ ಗೀರು ಬಿದ್ದಲ್ಲಿ ಮಾತ್ರ ಉಜ್ಜಿ ಮತ್ತೆ ಎಣ್ಣೆ ಸವರಿದರೆ ಸಾಕು. ಆಗಾಗ ಎಣ್ಣೆ ಹಚ್ಚುತ್ತಿರಬೇಕು ಅಂತ ಫೋನಿನಲ್ಲಿ ಅಣ್ಣನಿಗೆ ಹೇಳಿದೆ. "ಅದೆಂಥಾ ಫಿನಿಶ್ ಮಾರಾಯ, ಫಿನಿಶ್ಶೇ ಆಗಲ್ವಲ್ಲ!" ಅಂದ. (ಈ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಒಣಗುವಾಗ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.)

ಹೋದ ತಿಂಗಳು ಊರಿಗೆ ಹೋಗಿದ್ದಾಗ ಹಳೇ ಬೀರುವಿನ ಡ್ರಾಯರ್ ಸಿಕ್ಕಿಹಾಕಿಕೊಂಡಿತು. ಪೂರ್ತಿ ಹೊರಗೆಳೆದೆ. ಹಿಂಬದಿಯ ಹಲಗೆಯಲ್ಲಿ ಬೆರಳಗಲದ ಮೂರು ಪಟ್ಟೆ. ತಿಳಿ, ನಡುವೆ ಕಂದು, ಕೊನೆಯದು ಕಡು. ಬೀರುವಿನದು ನಡುವಿನ ಬಣ್ಣ. ನಮ್ಮ ಆಚಾರ್ರು ಹಚ್ಚಿ ನೋಡಿದ್ದರು! ಹೇಳಲಿಲ್ಲ ಅಷ್ಟೇ. ನಾವು ಕೇಳಿದ್ದಾದರೂ ಎಲ್ಲಿ?

ಎರಡು ಸಂಜೆ 80 ನಂಬರ್ ಪೇಪರ್ ಉಜ್ಜಿದ ಮೇಲೆ ನನ್ನ ಕಟ್ಟೆ ಮತ್ತೆ ಬೋಳಾಗಿದೆ. ಕಿಟಕಿ ಕೆಳಗೆ ಐದು ತುಂಡು ಸಾಲಾಗಿ ನಿಂತಿವೆ. ಹೆಂಡತಿ ಎರಡನೆಯದು ಅಂತಾಳೆ. ಹಗಲಲ್ಲಿ ನನಗೂ ಅದೇ ಸರಿ ಅನಿಸುತ್ತದೆ, ರಾತ್ರಿ ಲೈಟ್ ಹಾಕಿದರೆ ನಾಲ್ಕನೆಯದು.