ತೂಕ ಅವರದು, ಔಟ್‌ಟರ್ನ್ ಅವರದು, ರೇಟೂ ಅವರದೇ

25 ಅಂತೆ. ನನ್ನ ಚೆರಿಗೆ, ಅಂದರೆ ಒಣಗಿಸಿದ ಕಾಫಿ ಹಣ್ಣಿಗೆ, ವ್ಯಾಪಾರಿಯ ಗೋದಾಮಿನಲ್ಲಿ 25 ಔಟ್‌ಟರ್ನ್ ಅಂತೆ! 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನುವ ಲೆಕ್ಕ ಅದು. ಮನೆಗೆ ಬಂದು ಊಟಕ್ಕೆ ಕೂತರೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಕಣದಲ್ಲಿ ದಿನಾ ಕೈಯಾಡಿಸಿ, ಮೋಡ ಕಂಡಾಗಲೆಲ್ಲ ಓಡಿ ಟಾರ್ಪಾಲು ಹೊದಿಸಿ, ಕುಲುಕಿದರೆ ಗಲಗಲ ಅನ್ನುವವರೆಗೆ ಒಣಗಿಸಿದ ಕಾಯಿ. ಕುಶಾಲನಗರದ ಕಡೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಯಿಯ ಸಿಪ್ಪೆ ತೆಗೆದು ಬೀಜ ಮಾಡುವ ಕಾರ್ಖಾನೆಯಲ್ಲಿ, ಇರುವ ನೆಂಟರೊಬ್ಬರು ಇದೇ ಕಾಯಿಯ ಸ್ಯಾಂಪಲ್ ಹೊಡೆಸಿ ನೋಡಿ 27ಕ್ಕೆ ಕಮ್ಮಿ ಬರೋದಿಲ್ಲ ಅಂದಿದ್ದರು. ಎರಡು ಪಾಯಿಂಟ್ ಅಂದರೆ 50 ಕೆಜಿ ಚೀಲಕ್ಕೆ ಎರಡು ಕೆಜಿ ಬೀಜದ ದುಡ್ಡು. ಪ್ರತಿಯೊಂದು ಚೀಲಕ್ಕೂ!

ಗೋದಾಮಿನಲ್ಲಿ ಸ್ಯಾಂಪಲ್ ಹೊಡೆದ ಹುಡುಗನಿಗೆ ನನ್ನ ಮಗನಷ್ಟೂ ವಯಸ್ಸಿಲ್ಲ. "ಇನ್ನೊಂದು ಚೀಲದಿಂದ ತೆಗೆದು ನೋಡಪ್ಪಾ" ಅಂದೆ. ಅಷ್ಟೇ ಅಂದದ್ದು, ದನಿ ಕೂಡ ಏರಿಸಲಿಲ್ಲ. ಅವನು ತಲೆ ಎತ್ತಲಿಲ್ಲ. ಚೀಟಿಯಲ್ಲಿ 25 ಬರೆದು ಕೆಳಗೆ ಗೆರೆ ಎಳೆದ. "ಒಪ್ಪಿಗೆ ಇದ್ರೆ ಇಳಿಸಿ, ಇಲ್ಲಾಂದ್ರೆ ಗಾಡಿ ಸೈಡಿಗೆ ಹಾಕಿ. ಹಿಂದೆ ಜನ ಕಾಯ್ತಿದ್ದಾರೆ." ಹಿಂದೆ ಪಿಕಪ್ ನಿಲ್ಲಿಸಿಕೊಂಡಿದ್ದವರು ನಮ್ಮೂರಿನವರೇ. ಒಬ್ಬರೂ ಬಾಯಿ ಬಿಡಲಿಲ್ಲ. ತೋಟದ ಕೆಲಸದವರ ಲೈನ್ ಮನೆಯಿಂದ ನನ್ನ ಜೊತೆ ಬಂದಿದ್ದ ಇಬ್ಬರು ಚೀಲ ಹೊರಲು ತಯಾರಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ತೋಟದಲ್ಲಿ ನನ್ನನ್ನು ಸಾವ್ಕಾರ್ರೇ ಅನ್ನುವವರು ಅವರು.

ಮಾಲೀಕರು ಗಾಜಿನ ಕ್ಯಾಬಿನ್‌ನಲ್ಲಿ ಕಾಣುತ್ತಿದ್ದರು. ಒಳಗೆ ಹೋದೆ. ಕೂತ್ಕೊಳ್ಳಿ ಅನ್ನಲಿಲ್ಲ. ಫೋನಿನಲ್ಲಿ ನಗುನಗುತ್ತಾ ಯಾರ ಹತ್ತಿರವೋ ಮಾತಾಡುತ್ತಲೇ ಕೈಯಲ್ಲಿ ಹೊರಗೆ ಇರಿ ಅಂತ ಸನ್ನೆ ಮಾಡಿದರು. ಹೊರಗೆ ನಿಂತೆ. ನನ್ನ ಅಪ್ಪನ ಕಾಲದಿಂದ ಅವರಿಗೆ ಕಾಫಿ ಕೊಡುತ್ತಿರುವ ಮನೆ ನಮ್ಮದು, ಬಾಗಿಲಲ್ಲಿ ನಿಂತೆ! ಕೊನೆಗೆ ಕರೆದು ಹೇಳಿದ್ದು ಇಷ್ಟು: "ಹುಡುಗ ಬರೆದದ್ದೇ ಫೈನಲ್. ಬೇರೆ ಕಡೆ ಹೆಚ್ಚು ಸಿಗ್ತದೆ ಅಂದ್ರೆ ಧಾರಾಳವಾಗಿ ಕೊಡಿ. ಮಳೆಗಾಲದಲ್ಲಿ ತಗೊಂಡ ಅಡ್ವಾನ್ಸ್ ಮಾತ್ರ ಇವತ್ತೇ ಕಟ್ಟಿಬಿಡಿ."

ಬೇರೆ ಕಡೆ ಎಲ್ಲಿದೆ? ಅಂಗಳಕ್ಕೆ ಬಂದು ಪೇಟೆಯ ಇನ್ನೊಬ್ಬ ವ್ಯಾಪಾರಿಗೆ ಫೋನ್ ಮಾಡಿದೆ. ನಾನು ಔಟ್‌ಟರ್ನ್ ಹೇಳುವ ಮೊದಲೇ ಆ ಮನುಷ್ಯ "25 ಬಂತಂತಲ್ಲ" ಅಂದರು. ಯಾರು ಹೇಳಿದ್ದು ಅವರಿಗೆ? ಯಾವಾಗ ಹೇಳಿದ್ದು? ಅಂಗಡಿ ಬೋರ್ಡು ಬೇರೆ ಬೇರೆ, ರೇಟು ಒಂದೇ, ಈಗ ನನ್ನ ಕಾಫಿಯ ಔಟ್‌ಟರ್ನ್ ಕೂಡ ಒಂದೇ!

ಇಳಿಸಿದೆ. ಇನ್ನೇನು ಮಾಡಲಿ?

ಕಾಫಿ ರೇಟಿಗೆ ಎಲ್ಲರೂ ನೋಡುವ ಲಂಡನ್ ಮಾರ್ಕೆಟ್ ರಾತ್ರಿ ಬಿದ್ದರೆ ಬೆಳಗ್ಗೆ ಗೋದಾಮು ತೆಗೆಯುವಷ್ಟರಲ್ಲಿ ಇಲ್ಲಿ ರೇಟು ಇಳಿದಿರುತ್ತದೆ. ಅದೇ ಲಂಡನ್ ಏರಿದ ದಿನ ಕೇಳಿ, "ಇನ್ನೂ ಕನ್‌ಫರ್ಮ್ ಆಗಿಲ್ಲ, ನಾಳೆ ನೋಡುವ" ಅನ್ನುತ್ತಾರೆ. ತಕ್ಕಡಿಗೆ ಸೀಲ್ ಹಾಕಲು ಸರ್ಕಾರದಲ್ಲಿ ಇಲಾಖೆ ಇದೆ. ಆ ಹುಡುಗನ ಕೈಯಲ್ಲಿರುವ ಸ್ಯಾಂಪಲ್ ಮಿಷನ್‌ಗೆ ಸೀಲ್ ಹಾಕುವವರು ಯಾರು?

ಕಾಫಿ ಬೋರ್ಡ್ ಕಾಲವೇ ವಾಸಿ ಅಂತ ದಾರಿಯಲ್ಲಿ ಅನ್ನಿಸಿತು. ವಾಸಿ ಏನಲ್ಲ ಬಿಡಿ. 1942ರ ಕಾಯ್ದೆಯಲ್ಲಿ ಬೆಳೆದದ್ದನ್ನೆಲ್ಲ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ದಾಸ್ತಾನಿಗೆ, ಹಾಕಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು, ಹೊರಗೆ ಮಾರಿದರೆ ಕೇಸು. ಅಪ್ಪ ಆ ಕಂತಿಗೆ ಕಾದು ಕಾದು ಸಾಲ ಮಾಡಿದ್ದು ನನಗೆ ನೆನಪಿದೆ. 1992ರಲ್ಲಿ ಒಂದು ಪಾಲನ್ನು ನಾವೇ ಮಾರಲು ಬಿಟ್ಟುಕೊಟ್ಟರು, 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಮುಕ್ತ ಮಾರುಕಟ್ಟೆ. ಅವತ್ತು ಅಪ್ಪ ಖುಷಿಪಟ್ಟಿದ್ದರು. ಒಬ್ಬ ಸರ್ಕಾರಿ ಖರೀದಿದಾರ ಹೋಗಿ ಒಳಗೊಳಗೇ ಮಾತಾಡಿಕೊಳ್ಳುವ ನಾಲ್ಕು ಜನ ಬಂದರೆ ಅದು ಯಾರಿಗೆ ಮುಕ್ತ? ಬೋರ್ಡಿನಲ್ಲಿ ಲೆಕ್ಕ ಕೇಳಲು ಒಂದು ಕಚೇರಿಯಾದರೂ ಇತ್ತು. ಇವರನ್ನು ಎಲ್ಲಿ ಕೇಳುವುದು?

ಕಾನೂನು ಇಲ್ಲವೇ? ಇದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಮಾರುವ ಬೆಲೆ ಮಾತ್ರ ಅಲ್ಲ, ಕೊಳ್ಳುವ ಬೆಲೆಯನ್ನು ಕೂಡಿ ನಿಗದಿ ಮಾಡುವುದೂ ಸೇರಿದೆ. ಸಿಮೆಂಟ್ ಕಂಪನಿಗಳು ಒಟ್ಟಾಗಿ ರೇಟು ಏರಿಸಿದವು ಅಂತ 2012ರಲ್ಲಿ ಸ್ಪರ್ಧಾ ಆಯೋಗ 6,000 ಕೋಟಿಗೂ ಮಿಕ್ಕಿ ದಂಡ ಹಾಕಿತು, ದೇಶವೆಲ್ಲ ಸುದ್ದಿಯಾಯಿತು. ಸಿಮೆಂಟ್ ಕೊಳ್ಳುವವರು ಪಟ್ಟಣದಲ್ಲಿದ್ದಾರೆ. ಕಾಫಿ ಮಾರುವ ನಾವು ರೈಲೂ ಇಲ್ಲದ ಕೊಡಗು ಜಿಲ್ಲೆಯವರು, ಆಯೋಗ ದೆಹಲಿಯಲ್ಲಿ. ಹೋಗಲಿ, ದೂರು ಬರೆದೇ ಬಿಡುತ್ತೇನೆ ಅಂದುಕೊಳ್ಳಿ. ಸಾಕ್ಷಿ ಹೇಳುವವರು ಯಾರು? ಹಿಂದಿನ ಪಿಕಪ್‌ನವರಾ?

ಅವರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗುತ್ತಿಲ್ಲ. ಗೊಬ್ಬರದ ಅಂಗಡಿ ಅದೇ ಮಾಲೀಕರದು, ಮಗಳ ಮದುವೆಗೆ ಸಾಲ ಕೊಟ್ಟವರೂ ಅವರೇ, ಊರಿನ ಹಾಕಿ ಟೂರ್ನಿಗೆ ಬಹುಮಾನದ ಕಪ್, ದೇವಸ್ಥಾನದ ಹಬ್ಬಕ್ಕೆ ಅನ್ನದಾನ, ಎಲ್ಲ ಅವರದೇ. ಇಂಥವರ ವಿರುದ್ಧ ಮಾತಾಡಿ ಯಾರು ಬದುಕುತ್ತಾರೆ? ಮೊದಲೆಲ್ಲ ರೇಟಿನ ವಿಷಯಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಜಗಳವಾಡುತ್ತಿದ್ದ ಊರು ಇದು. ಈಗ ಯಾರಿಗೆ ಎಷ್ಟು ಬಂತು ಅಂತ ಅಣ್ಣ ತಮ್ಮನಿಗೂ ಹೇಳುವುದಿಲ್ಲ. ಐದೆಕರೆ, ಆರೆಕರೆಯವರು ಒಬ್ಬೊಬ್ಬರಾಗಿ ತೋಟ ಮಾರುತ್ತಿದ್ದಾರೆ, ಅಲ್ಲಿ ರೆಸಾರ್ಟ್ ಬೇಲಿ ಏಳುತ್ತಿದೆ. ಮಕ್ಕಳು ಬೆಂಗಳೂರು ಸೇರಿದರು ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ನನ್ನ ಮಗನೂ ಸಂಜೆ ಅದನ್ನೇ ಕೇಳಿದ: "ಪಪ್ಪಾ, ನಾವೇ ಬೆಳೆದದ್ದಕ್ಕೆ ನಾವು ಯಾಕೆ ಬೇಡಬೇಕು?" ಏನು ಹೇಳಲಿ ಅವನಿಗೆ?

ಬೆಳೆಗಾರರ ಸಂಘದವರು, ಬೋರ್ಡಿನವರು, ಶಾಸಕರು, ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ಸಹಾನುಭೂತಿ ಬೇಡ, ಉತ್ತರ ಬೇಕು. ತಾಲೂಕಿಗೆ ಒಂದು ಕಡೆ, ವ್ಯಾಪಾರಿಯಲ್ಲದವರ ಕೈಯಲ್ಲಿ, ನಮ್ಮ ಕಣ್ಣೆದುರೇ ಔಟ್‌ಟರ್ನ್ ತೆಗೆದು ಮೊಹರು ಹಾಕಿದ ಚೀಟಿ ಕೊಡಲು ನಿಮಗೆ ಏನು ಕಷ್ಟ? ಕಣದಲ್ಲಿ ಇನ್ನೂ ಅರ್ಧ ಬೆಳೆ ಬಿದ್ದಿದೆ. ಮಳೆ ಬರುವುದರೊಳಗೆ ಅದನ್ನು ಯಾರ ಗೋದಾಮಿಗೆ ಒಯ್ಯಲಿ, ಹೇಳಿ?